ಅವಳಮ್ಮ ಅವಳನ್ನು ಯಾಕೆ ಬಚ್ಚಿಡಲಿಲ್ಲ?

ಮೈಸೂರು
ಏಪ್ರಿಲ್ 20

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಕಳೆದ ಭಾನುವಾರ ನೀನು ಫೋನಿನಲ್ಲಿ ಕೇಳಿದ ಮಾತಿಗೆ ಆಗಲೇ ಉತ್ತರ ಕೊಡುವುದು ನನ್ನಿಂದ ಆಗಲಿಲ್ಲ. ಅಂಥ ಮಾತಿಗೆ ಗಡಿಬಿಡಿಯಲ್ಲಿ ಏನಾದರೊಂದು ಹೇಳಿಬಿಡುವುದು ತಪ್ಪು ಎನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಆಮ್‌ಸ್ಟರ್‌ಡಾಮಿನಲ್ಲಿ ನಿಮ್ಮ ಬೀದಿಯ ಮೂಲೆಮನೆಯ ಮುಂದೆ, ಹಿಂದೆ ಅಲ್ಲಿದ್ದು ನಾಜಿಗಳ ಕೈಯಲ್ಲಿ ಸತ್ತ ಯಹೂದಿಗಳ ನೆನಪಿಗಾಗಿ ಫುಟ್‌ಪಾತಿನಲ್ಲಿ ಹುದುಗಿಸಿರುವ ನಾಲ್ಕು ಹಿತ್ತಾಳೆ ಕಲ್ಲುಗಳನ್ನು ನಿನ್ನ ಮಗಳು ಮರಿ ಓದಿದಳೆಂದೂ, ಅದರಲ್ಲೊಂದು 1934ರಲ್ಲಿ ಹುಟ್ಟಿ 1943ರಲ್ಲಿ ನಾಜಿಗಳ ಸಾವಿನ ಶಿಬಿರವಾದ ಸೊಬಿಬೊರ್‌ನಲ್ಲಿ ಕೊಲೆಯಾದ ಹುಡುಗಿಯದೆಂದು ತಿಳಿದಾಗ, ತನ್ನಷ್ಟೇ ವಯಸ್ಸಿನ ಆ ಹುಡುಗಿಯ ಬಗ್ಗೆ "ಅವಳಮ್ಮ ಅವಳನ್ನು ಯಾಕೆ ಬಚ್ಚಿಡಲಿಲ್ಲ?" ಎಂದು ಕೇಳಿದಳೆಂದೂ ನೀನು ಹೇಳಿದೆ. ಆ ಕ್ಷಣಕ್ಕೆ ನಿನಗೆ ಮಾತು ಹೊರಡಲಿಲ್ಲವಂತೆ. ಕೊನೆಗೆ, ಎಷ್ಟೋ ಮಕ್ಕಳನ್ನು ಒಳ್ಳೆಯ ಜನ ಕಾಪಾಡಿದರು ಎಂಬ ಕಥೆ ಹೇಳಿ ಅವಳನ್ನು ಮಲಗಿಸಿದೆಯಂತೆ.

ನೀನು ಹೇಳಿದ್ದು ಸುಳ್ಳಲ್ಲ, ಪುಟ್ಟಿ. ಆದರೆ ಅಷ್ಟನ್ನೇ ಹೇಳಿ ನಿಲ್ಲಿಸಿದರೆ ಮಗುವಿನ ಪ್ರಶ್ನೆ ಇನ್ನಷ್ಟು ಮೊನಚಾಗುತ್ತದೆಯೇ ಹೊರತು ಕರಗುವುದಿಲ್ಲ. ಬೇರೆ ಮಕ್ಕಳ ಅಮ್ಮಂದಿರು ಜಾಣರು, ಧೈರ್ಯವಂತರು. ಮೂಲೆಮನೆಯ ಹುಡುಗಿಯ ಅಮ್ಮ ಮಾತ್ರ ಹಾಗಿರಲಿಲ್ಲ ಎಂದು ಅವಳು ತನ್ನೊಳಗೇ ತೀರ್ಮಾನ ಮಾಡಿಕೊಂಡಾಳು. ಉಳಿದವರ ಕಥೆಯನ್ನಷ್ಟೇ ಹೇಳಿದರೆ, ಉಳಿಯದವರ ಮೇಲೆ ಅರಿವಿಲ್ಲದೆಯೇ ತಪ್ಪು ಹೊರಿಸಿದಂತಾಗುತ್ತದೆ. ನಾನು ನಿನಗೆ ಮುಖ್ಯವಾಗಿ ಹೇಳಬೇಕಾಗಿರುವುದು ಇದನ್ನೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವಳು ನಾನು. ಈ ಅಧ್ಯಾಯ ಬಂದಾಗ ಕೊಲೆಯಾದವರು ಅರವತ್ತು ಲಕ್ಷ ಯಹೂದಿಗಳು, ಅವರಲ್ಲಿ ಸುಮಾರು ಹದಿನೈದು ಲಕ್ಷ ಮಕ್ಕಳು ಎಂದು ಬೋರ್ಡಿನ ಮೇಲೆ ಬರೆದು, ಒಂದೇ ಪೀರಿಯಡಿನಲ್ಲಿ ಮುಗಿಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಅವರೆಲ್ಲ ಯಾಕೆ ಓಡಿಹೋಗಲಿಲ್ಲ ಮಿಸ್?" ಎಂದು ಕೇಳಿದ್ದ. ಗಂಟೆ ಹೊಡೆಯಿತೆಂದು ನಾನು ಉತ್ತರ ಹೇಳದೆ ಹೊರಗೆ ಬಂದೆ. ಹೋದ ವರ್ಷ ನಿಮ್ಮ ಮನೆಯಲ್ಲಿ ಮೂರು ತಿಂಗಳಿದ್ದು ಆ ಊರಿನ ಬೀದಿಗಳಲ್ಲಿ ಓಡಾಡಿದ ಮೇಲೆ, ಅವನಿಗೆ ಕೊಡದೆ ಉಳಿಸಿಕೊಂಡ ಉತ್ತರ ನನ್ನನ್ನು ಬಹಳ ಕಾಡಿದೆ. ಮರಿಯ ಪ್ರಶ್ನೆಯೂ ಅದೇ ಪ್ರಶ್ನೆಯಲ್ಲವೇ?

ಮೊದಲು ದಾರಿ ಹೇಗೆ ಮುಚ್ಚಿತು ಎಂಬುದನ್ನು ಹೇಳು. ಜರ್ಮನ್ ಸೇನೆ 1940ರ ಮೇ 10ರಂದು ನೆದರ್ಲೆಂಡ್ಸಿಗೆ ನುಗ್ಗಿತು. ರೋಟರ್‌ಡಾಮ್ ನಗರದ ಮೇಲೆ ಬಾಂಬು ಬಿದ್ದ ಮೇಲೆ, ದಾಳಿ ಆರಂಭವಾದ ಐದೇ ದಿನಗಳಲ್ಲಿ ದೇಶ ಶರಣಾಯಿತು. ಆಗ ಅಲ್ಲಿ ಸುಮಾರು 1,40,000 ಯಹೂದಿಗಳಿದ್ದರು. ಅವರಲ್ಲಿ ಸಾವಿರಾರು ಜನ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದವರೇ. ಕೆಡುಕು ಬಂದದ್ದು ಒಂದೇ ರಾತ್ರಿಯಲ್ಲಲ್ಲ, ಒಂದೊಂದೇ ಸುತ್ತೋಲೆಯಾಗಿ. 1941ರ ಜನವರಿಯಲ್ಲಿ ಯಹೂದಿ ಮೂಲದವರೆಲ್ಲ ಹೆಸರು ನೋಂದಾಯಿಸಬೇಕೆಂದು ಆಜ್ಞೆಯಾಯಿತು. ಸರ್ಕಾರದ ಕಾಗದಕ್ಕೆ ನಿಜವನ್ನೇ ಬರೆದುಕೊಡುವುದು ಸಭ್ಯ ಗೃಹಸ್ಥರ ರೂಢಿಯಾದ್ದರಿಂದ ಬಹುತೇಕ ಎಲ್ಲರೂ ಬರೆದುಕೊಟ್ಟರು. ಅವರ ಗುರುತಿನ ಚೀಟಿಯ ಮೇಲೆ 'ಜೆ' ಎಂಬ ದೊಡ್ಡ ಅಕ್ಷರ ಬಿತ್ತು. ಆ ಚೀಟಿಯನ್ನು ನಕಲಿ ಮಾಡುವುದು ಬಹಳ ಕಷ್ಟವಾಗುವಂತೆ ಡಚ್ ಅಧಿಕಾರಿಯೊಬ್ಬನೇ ಅತ್ಯಂತ ಶ್ರದ್ಧೆಯಿಂದ ಅದನ್ನು ರೂಪಿಸಿದ್ದ. ಆ ವರ್ಷ ಬೇಸಿಗೆ ರಜೆ ಮುಗಿದ ಮೇಲೆ ಯಹೂದಿ ಮಕ್ಕಳು ತಮ್ಮ ತಮ್ಮ ಶಾಲೆಗಳಿಗೆ ಹೋಗುವಂತಿಲ್ಲವೆಂದಾಯಿತು, ಅವರಿಗೇ ಬೇರೆ ಶಾಲೆಗಳಾದವು. ಪಾರ್ಕು, ಮೃಗಾಲಯ, ಈಜುಕೊಳ ಎಲ್ಲದರ ಬಾಗಿಲೂ ಮುಚ್ಚಿದವು. 1942ರ ಮೇ ತಿಂಗಳಿಂದ ಆರು ವರ್ಷ ತುಂಬಿದ ಮಗುವೂ ಎದೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಂಡೇ ಬೀದಿಗಿಳಿಯಬೇಕಾಯಿತು. ಆ ಬಟ್ಟೆಯ ತುಂಡನ್ನು ದುಡ್ಡು ಕೊಟ್ಟು, ಬಟ್ಟೆಯ ರೇಷನ್ ಕೂಪನ್ನನ್ನೂ ಕೊಟ್ಟು, ಅವರೇ ಕೊಂಡುಕೊಳ್ಳಬೇಕಿತ್ತು. ಮಕ್ಕಳ ಸೈಕಲ್ಲು ಹೋಯಿತು, ಟ್ರಾಮ್ ಹತ್ತುವುದು ನಿಂತಿತು, ರಾತ್ರಿ ಎಂಟರ ಮೇಲೆ ಮನೆಯಿಂದ ಹೊರಗೆ ಕಾಲಿಡುವುದೂ ನಿಂತಿತು. ಮರಿಗೆ ಸೈಕಲ್ಲೆಂದರೆ ಪ್ರಾಣವಲ್ಲವೇ, ನೀನು ಅಲ್ಲಿಂದಲೇ ಆರಂಭಿಸು. ಸಾವಿನ ಶಿಬಿರಗಳಿಂದ ಆರಂಭಿಸಬೇಡ. ಶಾಲೆ, ಸೈಕಲ್ಲು, ಪಾರ್ಕು ಇವು ಒಂಬತ್ತು ವರ್ಷದ ಮಗುವಿಗೆ ಅರ್ಥವಾಗುವ ನಷ್ಟಗಳು.

ಊರಿನವರು ಸುಮ್ಮನಿದ್ದರೇ ಎಂದು ಅವಳು ಕೇಳಬಹುದು. ಎಲ್ಲರೂ ಸುಮ್ಮನಿರಲಿಲ್ಲ. 1941ರ ಫೆಬ್ರವರಿಯಲ್ಲಿ ನಾನೂರಕ್ಕೂ ಹೆಚ್ಚು ಯಹೂದಿ ತರುಣರನ್ನು ಬೀದಿಯಲ್ಲೇ ಹಿಡಿದು ಸಾಗಿಸಿದಾಗ, 25ನೆಯ ತಾರೀಕು ಆಮ್‌ಸ್ಟರ್‌ಡಾಮಿನ ಟ್ರಾಮ್ ನೌಕರರೂ ಹಡಗುಕಟ್ಟೆಯ ಕೂಲಿಗಳೂ ಕೆಲಸ ನಿಲ್ಲಿಸಿ ಇಡೀ ನಗರವನ್ನೇ ಸ್ತಬ್ಧಗೊಳಿಸಿದರು. ಜರ್ಮನರು ಎರಡು ದಿನಗಳಲ್ಲಿ ಗುಂಡು ಹಾರಿಸಿ ಅದನ್ನು ಅಡಗಿಸಿದರು. ಅದನ್ನೂ ಅವಳಿಗೆ ಹೇಳು. ಆದರೆ ಅದೇ ನಗರದ ಟ್ರಾಮುಗಳೇ ಮುಂದಿನ ವರ್ಷ ಯಹೂದಿ ಕುಟುಂಬಗಳನ್ನು ರಾತ್ರಿ ಹೊತ್ತು ರೈಲುನಿಲ್ದಾಣಕ್ಕೆ ಸಾಗಿಸಿದವು ಎಂಬುದನ್ನು ಅವಳು ಸ್ವಲ್ಪ ದೊಡ್ಡವಳಾದ ಮೇಲೆ ಹೇಳಿದರೆ ಸಾಕು.

ಈಗ ಅವಳ ಪ್ರಶ್ನೆಗೆ ಬರುತ್ತೇನೆ. ಬಚ್ಚಿಡುವುದೆಂದರೆ ಅಟ್ಟದ ಮೇಲೋ ಮಂಚದ ಕೆಳಗೋ ಕೂರಿಸುವುದು ಎಂದು ಮಗು ತಿಳಿದಿರುತ್ತದೆ. ನೆದರ್ಲೆಂಡ್ಸ್ ಅಂಗೈಯಂತೆ ಸಮತಟ್ಟಾದ, ಜನ ಕಿಕ್ಕಿರಿದ ದೇಶ. ಓಡಿಹೋಗಿ ಸೇರಿಕೊಳ್ಳಲು ಬೆಟ್ಟವಿಲ್ಲ, ದಟ್ಟ ಕಾಡಿಲ್ಲ. ಒಂದು ಕಡೆ ಸಮುದ್ರ, ಒಂದು ಕಡೆ ಜರ್ಮನಿ, ಇನ್ನೊಂದು ಕಡೆ ಜರ್ಮನರೇ ಹಿಡಿದಿದ್ದ ಬೆಲ್ಜಿಯಂ. ಹೀಗಿರುವಾಗ ಅಡಗುವುದೆಂದರೆ ಅಪರಿಚಿತರ ಮನೆಯಲ್ಲಿ ಅಡಗುವುದೇ. ಆ ಅಪರಿಚಿತರು ಬಾಗಿಲು ತೆರೆಯಬೇಕು, ಸಿಕ್ಕಿಬಿದ್ದರೆ ಜೈಲಿಗೋ ಶಿಬಿರಕ್ಕೋ ಹೋಗಲು ಸಿದ್ಧರಿರಬೇಕು, ರೇಷನ್ ಚೀಟಿಯಿಲ್ಲದ ಹೊಟ್ಟೆಗೆ ಊಟ ಹೊಂದಿಸಬೇಕು, ಹಾಲು ಹಾಕುವವನಿಂದ ಹಿಡಿದು ಪಕ್ಕದ ಮನೆಯವರವರೆಗೆ ಯಾರೂ ಬಾಯಿ ಬಿಡದಿರಬೇಕು. 1943ರಲ್ಲಿ ಹೀಗೆ ಅಡಗಿದವರನ್ನು ಹಿಡಿದುಕೊಟ್ಟವರಿಗೆ ತಲೆಗೆ ಏಳೂವರೆ ಗಿಲ್ಡರಿನಂತೆ ಬಹುಮಾನ ಸಿಗುತ್ತಿತ್ತು. ಸಿಕ್ಕಿಬಿದ್ದವರನ್ನು ಅಪರಾಧಿಗಳೆಂದು ಬರೆದುಕೊಂಡು ಸಾವಿನ ಶಿಬಿರಕ್ಕೆ ಹೋಗುವ ಮುಂದಿನ ರೈಲಿಗೇ ಹತ್ತಿಸುತ್ತಿದ್ದರು. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಇಡೀ ಕುಟುಂಬವನ್ನು ಒಂದೇ ಸೂರಿನಡಿ ಅಡಗಿಸಬಲ್ಲ ಮನೆಗಳು ತೀರ ವಿರಳ. ಉಳಿಯಬೇಕಾದರೆ ಚದುರಬೇಕಿತ್ತು, ಅಪ್ಪ ಒಂದು ಊರಿಗೆ, ಅಮ್ಮ ಒಂದು ಊರಿಗೆ, ಮಕ್ಕಳು ಒಬ್ಬೊಬ್ಬರೂ ಒಂದೊಂದು ಕಡೆಗೆ, ಯಾರು ಎಲ್ಲಿದ್ದಾರೆಂದು ಯಾರಿಗೂ ಗೊತ್ತಿಲ್ಲದಂತೆ. ಡಚ್ಚರು ಇದನ್ನು 'ಕೆಳಗೆ ಮುಳುಗುವುದು' ಎಂಬ ಅರ್ಥದ ಪದದಿಂದ ಕರೆದರು, ಈಗಲೂ ಹಾಗೆಯೇ ಕರೆಯುತ್ತಾರೆ. ಹಾಗೆ ಮುಳುಗಿದವರು ಇಪ್ಪತ್ತೈದು ಸಾವಿರಕ್ಕೂ ಹೆಚ್ಚು. ಅವರಲ್ಲಿ ಸುಮಾರು ಮೂರನೆಯ ಒಂದು ಭಾಗದವರು ಸಿಕ್ಕಿಬಿದ್ದರು. ಹೀಗೆ ಸಿಕ್ಕಿಬಿದ್ದವರೂ ಸೇರಿ ಶಿಬಿರಗಳಿಗೆ ಸಾಗಿಹೋದವರು ಸುಮಾರು 1,07,000. ಅವರಲ್ಲಿ ಹಿಂದಿರುಗಿದವರು ಐದು ಸಾವಿರದಷ್ಟು ಮಾತ್ರ.

ಪ್ಲಾಂಟಾಜೆ ಮಿಡ್ಡೆನ್‌ಲಾನ್ ಎಂಬ ಬೀದಿಗೆ ಮರಿಯನ್ನು ಕರೆದುಕೊಂಡು ಹೋಗು. ಮೃಗಾಲಯಕ್ಕೆಂದು ನೀವು ಆ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದೀರಿ. ಅಲ್ಲಿ ಒಂದು ಹಳೆಯ ನಾಟಕಶಾಲೆಯಿದೆ. 1942ರ ಬೇಸಿಗೆಯಿಂದ ಯಹೂದಿಗಳನ್ನು ಹಿಡಿದು ತಂದು, ಸಾವಿನ ಶಿಬಿರಗಳಿಗೆ ರೈಲು ಹೊರಡುತ್ತಿದ್ದ ವೆಸ್ಟರ್‌ಬೊರ್ಕ್ ಶಿಬಿರಕ್ಕೆ ಕಳಿಸುವ ಮೊದಲು ಅದರೊಳಗೇ ಕೂಡಿಹಾಕುತ್ತಿದ್ದರು. ಗಾಳಿ ಬೆಳಕಿಲ್ಲದ ಆ ಸಭಾಂಗಣದಲ್ಲಿ ನೂರಾರು ಜನ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕಿತ್ತು. ಮಕ್ಕಳ ಅಳು, ಗಲಾಟೆ ಕಾವಲುಗಾರರಿಗೆ ತೊಂದರೆಯಾದ್ದರಿಂದ ಸಣ್ಣ ಮಕ್ಕಳನ್ನು ಬೇರೆ ಮಾಡಿ, ಬೀದಿಯ ಎದುರು ಬದಿಯಲ್ಲಿದ್ದ ಶಿಶುವಿಹಾರದಲ್ಲಿ ಇರಿಸಿದರು. ಅದರ ಮುಖ್ಯಸ್ಥೆ ಹೆನ್ರಿಯೆಟ್ ಪಿಮೆಂಟೆಲ್. ನಾಟಕಶಾಲೆಯ ಆಡಳಿತ ನೋಡಿಕೊಳ್ಳಲು ನೇಮಕವಾಗಿದ್ದವನು ವಾಲ್ಟರ್ ಸ್ಯೂಸ್‌ಕಿಂಡ್, ಜರ್ಮನಿಯಿಂದ ಬಂದ ಯಹೂದಿ. ಶಿಶುವಿಹಾರದ ಪಕ್ಕಕ್ಕೆ ಒಂದು ಶಿಕ್ಷಕರ ತರಬೇತಿ ಕಾಲೇಜು, ಅದರ ಮುಖ್ಯಸ್ಥ ಯೋಹಾನ್ ವಾನ್ ಹುಲ್ಸ್ಟ್. ಎರಡೂ ಕಟ್ಟಡಗಳ ಹಿತ್ತಿಲುಗಳ ನಡುವೆ ಒಂದು ಬೇಲಿ ಮಾತ್ರ ಇತ್ತು.

ಇವರು ಮಾಡಿದ ಕೆಲಸದಲ್ಲಿ ಅರ್ಧ ಕಾಗದದ್ದು, ಅರ್ಧ ಕೈಯದ್ದು. ಸ್ಯೂಸ್‌ಕಿಂಡ್ ಮತ್ತು ಅವನ ಜೊತೆಗಾರರು ದಾಖಲೆಯ ಚೀಟಿಗಳಿಂದ ಮಕ್ಕಳ ಹೆಸರುಗಳನ್ನು ಅಳಿಸುತ್ತಿದ್ದರು. ಹೆಸರಿಲ್ಲದ ಮಗುವನ್ನು ರೈಲಿಗೆ ಯಾರೂ ಕೂಗುವುದಿಲ್ಲವಲ್ಲ. ಶಿಶುವಿಹಾರದ ದಾದಿಯರು ಮಕ್ಕಳನ್ನು ಹಿತ್ತಿಲ ಬೇಲಿಯ ಮೇಲಿಂದ ಕಾಲೇಜಿನವರ ಕೈಗೆ ದಾಟಿಸುತ್ತಿದ್ದರು. ಅಲ್ಲಿಂದ ಕೂಸುಗಳನ್ನು ಬೆನ್ನುಚೀಲದಲ್ಲಿ, ಬಟ್ಟೆಯ ಬುಟ್ಟಿಯಲ್ಲಿ, ಆಲೂಗಡ್ಡೆಯ ಚೀಲದಲ್ಲಿ ಇಟ್ಟುಕೊಂಡು ವಿದ್ಯಾರ್ಥಿನಿಯರು ರೈಲಿನಲ್ಲಿ ದೂರದ ಹಳ್ಳಿಗಳಿಗೆ ಒಯ್ಯುತ್ತಿದ್ದರು. ಇನ್ನೂ ಒಂದು ಉಪಾಯವಿತ್ತು. ಕಾವಲುಗಾರರು ನಿಂತದ್ದು ನಾಟಕಶಾಲೆಯ ಬಾಗಿಲಲ್ಲಿ. ಟ್ರಾಮ್ ಬಂದು ನಡುಬೀದಿಯಲ್ಲಿ ನಿಂತಾಗ ಅವರ ಕಣ್ಣಿಗೆ ಎದುರಿನ ಶಿಶುವಿಹಾರ ಕಾಣದು. ಆ ಗಳಿಗೆಯಲ್ಲಿ ಮಗುವನ್ನೆತ್ತಿಕೊಂಡು ಹೊರಗೆ ಬಂದು, ಹೊರಟ ಟ್ರಾಮಿನ ಮರೆಯಲ್ಲೇ ಬಿರುಸಾಗಿ ನಡೆದು ಮುಂದಿನ ನಿಲ್ದಾಣದಲ್ಲಿ ಹತ್ತಿಬಿಡುತ್ತಿದ್ದರು. ಹೋದ ವರ್ಷ ನಾನು ಅಲ್ಲಿ ನಿಂತು ಟ್ರಾಮುಗಳನ್ನು ಎಣಿಸುತ್ತ ನೋಡಿದೆ. ಟ್ರಾಮ್ ಎದುರು ಬದಿಯನ್ನು ಮರೆಮಾಡಿ ನಿಲ್ಲುವುದು ನಾಲ್ಕು ಸಲ ಉಸಿರಾಡುವಷ್ಟು ಹೊತ್ತು ಮಾತ್ರ. ಅಷ್ಟರಲ್ಲೇ ಒಂದು ಜೀವ ದಾಟಬೇಕಿತ್ತು.

ಸುಮಾರು ಆರುನೂರು ಮಕ್ಕಳು ಹೀಗೆ ಉಳಿದರು. ಉಳಿಸಿದವರ ಗತಿಯನ್ನೂ ಕೇಳು. ಪಿಮೆಂಟೆಲ್ ಅವರನ್ನು 1943ರ ಜುಲೈನಲ್ಲಿ ಹಿಡಿದು ಒಯ್ದು ಆಶ್ವಿಟ್ಸ್‌ನಲ್ಲಿ ಕೊಂದರು. ಆರುನೂರು ಮಕ್ಕಳ ಹೆಸರನ್ನು ಸಾವಿನ ಪಟ್ಟಿಯಿಂದ ತೆಗೆಸಿದ ಸ್ಯೂಸ್‌ಕಿಂಡ್ ತನ್ನ ಪುಟ್ಟ ಮಗಳನ್ನು ಉಳಿಸಿಕೊಳ್ಳಲಾಗಲಿಲ್ಲ. ಹೆಂಡತಿ ಮಗಳಿಬ್ಬರೂ 1944ರಲ್ಲಿ ಆಶ್ವಿಟ್ಸ್‌ನಲ್ಲಿ ಸತ್ತರು, ಅವನೂ ಮರುವರ್ಷ ಇಲ್ಲವಾದ. ವಾನ್ ಹುಲ್ಸ್ಟ್ ಬದುಕಿದರು, 107 ವರ್ಷ ಬದುಕಿ 2018ರಲ್ಲಿ ತೀರಿಕೊಂಡರು. 1943ರ ಸೆಪ್ಟೆಂಬರ್ ಕೊನೆಯಲ್ಲಿ ಶಿಶುವಿಹಾರವನ್ನು ಖಾಲಿ ಮಾಡಿಸುವ ಹೊತ್ತಿಗೆ ಅಲ್ಲಿ ಇನ್ನೂ ಹತ್ತಿರ ಹತ್ತಿರ ನೂರು ಮಕ್ಕಳಿದ್ದರು. ಅವರಲ್ಲಿ ಯಾರನ್ನು ಕರೆದೊಯ್ಯಬೇಕೆಂದು ವಾನ್ ಹುಲ್ಸ್ಟ್ ಆರಿಸಬೇಕಾಯಿತು. ಹನ್ನೆರಡು ಮಕ್ಕಳನ್ನು ತಂದರು. ಹದಿಮೂರು ಯಾಕಾಗಲಿಲ್ಲ ಎಂದು ತಮ್ಮನ್ನು ತಾವೇ ಕೇಳಿಕೊಂಡೆನೆಂದು ಅವರು ಎಷ್ಟೋ ವರ್ಷಗಳ ಮೇಲೂ ಹೇಳುತ್ತಿದ್ದರು.

ಇದೆಲ್ಲ ಹೊರಗಿನವರ ಮಾತಾಯಿತು. ನನ್ನ ಮನಸ್ಸು ಮಾತ್ರ ಮತ್ತೆ ಮತ್ತೆ ಹೋಗುವುದು ಬೀದಿಯ ಈಚೆ ಬದಿಗೆ, ನಾಟಕಶಾಲೆಯೊಳಗೆ ಕುಳಿತಿದ್ದ ತಾಯಿಯ ಹತ್ತಿರಕ್ಕೆ. ಹೆತ್ತವರ ಒಪ್ಪಿಗೆ ಪಡೆದೇ ಮಗುವನ್ನು ಒಯ್ಯುವುದು ಅಲ್ಲಿನ ಕ್ರಮವಾಗಿತ್ತು. ನಾವು ಮಗುವನ್ನು ಒಂದು ರಾತ್ರಿ ಅಕ್ಕನ ಮನೆಯಲ್ಲಿ ಬಿಡಬೇಕಾದರೂ ಹಾಲು ಬಿಸಿ ಮಾಡಿ ಕೊಡಿ, ದೀಪ ಆರಿಸಬೇಡಿ, ಹೆದರುತ್ತಾಳೆ ಎಂದು ಹತ್ತು ಸಲ ಹೇಳಿ, ಮೆಟ್ಟಿಲಿಳಿದವರು ಮತ್ತೆ ಹತ್ತಿ ಬಂದು ಇನ್ನೊಮ್ಮೆ ಹೇಳುತ್ತೇವೆ. ಆ ತಾಯಿಗೆ ಮಗು ಯಾರ ಮನೆಗೆ ಹೋಗುತ್ತದೆ, ಯಾವ ಊರಿಗೆ ಹೋಗುತ್ತದೆ ಎಂದು ತಿಳಿಯುವಂತಿರಲಿಲ್ಲ. ತಿಳಿದರೆ ಅದೇ ಅಪಾಯ. ಹೂಂ ಅಥವಾ ಊಹೂಂ ಎನ್ನಲು ಒಂದು ಗಂಟೆಯೋ ಅರ್ಧ ಗಂಟೆಯೋ ಸಿಗುತ್ತಿತ್ತು. ರೈಲಿನ ಕೊನೆಯಲ್ಲಿ ಏನಿದೆಯೆಂದು ಅಲ್ಲಿ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ, ಪೂರ್ವದೇಶದಲ್ಲಿ ಕೂಲಿ ಕೆಲಸವೆಂದೇ ಹೇಳಿದ್ದರು. ಕೂಲಿಯಾದರೂ ಚಳಿಯಾದರೂ ಮಗು ನನ್ನ ಮಡಿಲಲ್ಲಿರಲಿ, ನಾನೇ ನೋಡಿಕೊಳ್ಳುತ್ತೇನೆ ಎಂದು ಎಷ್ಟೋ ತಾಯಂದಿರು ಒಲ್ಲೆನೆಂದರು. ಒಪ್ಪಿದ ತಾಯಂದಿರಲ್ಲಿ ಕೆಲವರು ರೈಲಿಗೆ ಹೊರಡುವಾಗ ಕಾವಲುಗಾರರ ಕಣ್ಣಿಗೆ ಲೆಕ್ಕ ತಪ್ಪದಿರಲೆಂದು, ಹೊದಿಕೆಯಲ್ಲಿ ಸುತ್ತಿದ ಗೊಂಬೆಯನ್ನು ಎದೆಗವಚಿಕೊಂಡು ನಡೆದರು.

ಆದ್ದರಿಂದ, ಪುಟ್ಟಿ, ಒಲ್ಲೆನೆಂದ ತಾಯಿಯನ್ನೂ ಹೂಂ ಎಂದ ತಾಯಿಯನ್ನೂ ತಕ್ಕಡಿಯಲ್ಲಿಟ್ಟು ತೂಗಬೇಡ, ಮರಿಯೂ ತೂಗುವುದು ಬೇಡ. ಇಬ್ಬರ ಕರುಳೂ ಒಂದೇ. ಮೂಲೆಮನೆಯ ಹುಡುಗಿಯ ತಾಯಿಗೆ ಯಾರಾದರೂ ಬಂದು ಕೇಳಿದರೋ ಇಲ್ಲವೋ, ನಮಗೆ ತಿಳಿಯದು. ಅವಳ ಬಾಗಿಲಿಗೆ ಯಾವ ವಿದ್ಯಾರ್ಥಿನಿಯೂ ಬಾರದೆ ಹೋಗಿರಬಹುದು. ಮುಳುಗಲು ಬೇಕಾದ ಹಣವೂ ಪರಿಚಯವೂ ಇಲ್ಲದೆ ಇದ್ದಿರಬಹುದು. 'ಅಮ್ಮ ಯಾಕೆ ಬಚ್ಚಿಡಲಿಲ್ಲ' ಎಂದು ಕೇಳುವ ಮಗುವಿಗೆ, 'ಎಷ್ಟು ಮನೆಗಳು ಬಾಗಿಲು ತೆರೆದವು' ಎಂದು ಕೇಳಲು ಕಲಿಸು. ಅವಳ ಪ್ರಶ್ನೆ ಸರಿಯಾದದ್ದೇ. ಅದನ್ನು ಕೇಳಬೇಕಾದದ್ದು ಆ ಮನೆಯ ಒಳಗಿದ್ದವರನ್ನಲ್ಲ, ಆ ಬೀದಿಯನ್ನು.

ಅಡಗಿ ಉಳಿದ ಮಕ್ಕಳ ಬಾಲ್ಯದ ಬಗ್ಗೆಯೂ ಅವಳಿಗೆ ತಿಳಿಯಲಿ. ಬದುಕುವುದಕ್ಕಾಗಿ ಮೊದಲು ಹೆಸರನ್ನೇ ಮರೆಯಬೇಕಿತ್ತು. ಮೂರು ನಾಲ್ಕು ವರ್ಷದ ಮಗುವಿಗೆ ಹೊಸ ಹೆಸರು, ಹೊಸ ಊರು, ಹೊಸ ಅಜ್ಜಿಯ ಕಥೆ ಉರುಹೊಡೆಸಿ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪದಂತೆ ಹೇಳಿಸುತ್ತಿದ್ದರು. ಕೂದಲು ತೀರ ಕಪ್ಪಾಗಿದ್ದರೆ ಬಣ್ಣ ತಿಳಿಯಾಗಿಸುತ್ತಿದ್ದರು. ಉತ್ತರದ ಫ್ರಿಸ್‌ಲ್ಯಾಂಡಿನ ಹೊಲಗಳಲ್ಲಿ, ದಕ್ಷಿಣದ ಲಿಂಬರ್ಗ್‌ನ ಗಣಿ ಕಾರ್ಮಿಕರ ಮನೆಗಳಲ್ಲಿ ಎಷ್ಟೋ ಮಕ್ಕಳು ಕ್ರೈಸ್ತ ಪ್ರಾರ್ಥನೆ ಕಲಿತು, ಮನೆಮಂದಿಯ ಜೊತೆ ಚರ್ಚಿಗೆ ಹೋಗಿ ಬೆಳೆದರು. ಕೆಲವರಿಗೆ ಅಮ್ಮನಂಥ ಸಾಕುತಾಯಿ ಸಿಕ್ಕಳು. ಕೆಲವರು ಎರಡೂವರೆ ವರ್ಷಗಳಲ್ಲಿ ಹತ್ತಾರು ಮನೆ ಬದಲಿಸಿದರು. ಕೆಲವರು ದುಡಿಸಿಕೊಂಡವರ ಕೈಯಲ್ಲಿ, ಅದಕ್ಕಿಂತ ಕೆಟ್ಟವರ ಕೈಯಲ್ಲಿಯೂ ಸಿಕ್ಕಿದರು. ಕೆಮ್ಮು ಬಂದರೆ ಕೆಮ್ಮಬಾರದು, ಅಳು ಬಂದರೆ ಅಳಬಾರದು ಎಂದು ಕಲಿತ ಮಕ್ಕಳು ಅವರು.

ಯುದ್ಧ ಮುಗಿದ ದಿನ ಅವರ ಕಷ್ಟ ಮುಗಿಯಲಿಲ್ಲ. 1945ರ ಬೇಸಿಗೆಯಲ್ಲಿ ಕೆಲವು ಮಕ್ಕಳ ಮನೆಯ ಬಾಗಿಲಿಗೆ ಒಣಗಿದ ಕಡ್ಡಿಯಂತಾಗಿದ್ದ ಹೆಂಗಸೊಬ್ಬಳು ಬಂದು ನಿಂತು, ನಾನು ನಿನ್ನಮ್ಮ ಎಂದಳು. ಮಗು ಹೆದರಿ ಸಾಕುತಾಯಿಯ ಸೆರಗಿನ ಮರೆಗೆ ಸರಿಯಿತು. ಮೂರು ವರ್ಷ ಆ ಒಂದು ಮುಖಕ್ಕಾಗಿಯೇ ಜೀವ ಹಿಡಿದುಕೊಂಡಿದ್ದ ತಾಯಿಯ ಪಾಲಿಗೆ ಅದು ಎಂಥ ಗಳಿಗೆ, ಮಗುವಿನ ಪಾಲಿಗೆ ಎಂಥ ಗಳಿಗೆ, ಕೊಟ್ಟು ಬಿಡಬೇಕಾದ ಸಾಕುತಾಯಿಯ ಪಾಲಿಗೆ ಎಂಥ ಗಳಿಗೆ ಎಂದು ಯೋಚಿಸಿದರೆ ನನಗೆ ಲೇಖನಿ ಮುಂದೆ ಸಾಗುವುದಿಲ್ಲ. ಇನ್ನು ಸುಮಾರು ಎರಡು ಸಾವಿರ ಮಕ್ಕಳನ್ನು ಕೇಳಿಕೊಂಡು ಯಾರೂ ಬರಲೇ ಇಲ್ಲ. ಅವರು ಸಾಕಿದವರ ಬಳಿ ಇರಬೇಕೋ, ಉಳಿದ ಯಹೂದಿ ನೆಂಟರಿಗೋ ಸಂಸ್ಥೆಗಳಿಗೋ ಸೇರಬೇಕೋ ಎಂದು ತೀರ್ಮಾನಿಸಲು ಸರ್ಕಾರ ಒಂದು ಆಯೋಗವನ್ನೇ ನೇಮಿಸಿತು. ವಾದವಿವಾದ ವರ್ಷಗಟ್ಟಲೆ ನಡೆಯಿತು. ಆ ಮಕ್ಕಳಿಗೆ ಮಾತ್ರ, ನೀವು ಚಿಕ್ಕವರಾಗಿದ್ದಿರಿ, ನಿಮಗೇನೂ ನೆನಪಿರುವುದಿಲ್ಲ, ಶಿಬಿರಕ್ಕೆ ಹೋದವರೇ ಕಷ್ಟಪಟ್ಟವರು ಎಂದು ಎಲ್ಲರೂ ಹೇಳಿದರು. ಅವರೂ ನಂಬಿ ಬಾಯಿ ಮುಚ್ಚಿಕೊಂಡರು. 1991ರಲ್ಲಿ ನ್ಯೂಯಾರ್ಕಿನಲ್ಲಿ, ಅಡಗಿ ಬದುಕಿದ ಮಕ್ಕಳ ಮೊದಲ ದೊಡ್ಡ ಸಮಾವೇಶ ನಡೆದಾಗ ಅವರಿಗೆಲ್ಲ ಐವತ್ತು, ಅರವತ್ತು ವರ್ಷವಾಗಿತ್ತು. ಎಷ್ಟೋ ಜನ ಅಲ್ಲಿ ಮೊದಲ ಬಾರಿಗೆ ತಮ್ಮ ಕಥೆಯನ್ನು ಬಾಯಿಬಿಟ್ಟು ಹೇಳಿದರು.

ಮಗುವಿಗೆ ನೆನಪಿರುವುದಿಲ್ಲ, ಮಗುವಿಗೆ ಅರ್ಥವಾಗುವುದಿಲ್ಲ ಎಂಬ ಮಾತನ್ನು ಆಡುವ ಮೊದಲು ನೀನು ಇದನ್ನು ನೆನೆಸಿಕೊಳ್ಳಬೇಕೆಂದು ಇಷ್ಟು ಬರೆದೆ. ಮರಿ ಕೇಳಿದಷ್ಟಕ್ಕೆ ಸುಳ್ಳಿಲ್ಲದೆ ಉತ್ತರ ಹೇಳು, ಕೇಳದ್ದನ್ನು ಮುಂದಿನ ವರ್ಷಗಳಿಗೆ ಇಟ್ಟುಕೊ. ಕೊಂದ ವಿಧಾನಗಳನ್ನು ಈಗ ಹೇಳಬೇಡ, ಚಿತ್ರಗಳನ್ನು ತೋರಿಸಬೇಡ. ರಾತ್ರಿ ಮಲಗುವ ಹೊತ್ತಿನಲ್ಲಿ ಈ ಮಾತು ತೆಗೆಯಬೇಡ. ಹಗಲು ನಡೆಯುತ್ತ ಹೇಳು, ಬೇಸರವಾದರೆ ಅವಳು ಓಡಿಹೋಗಿ ಬಾತುಕೋಳಿ ನೋಡುವಂತಿರಲಿ. ವಾನ್ ಹುಲ್ಸ್ಟ್ ಅವರ ಕಾಲೇಜಿನ ಕಟ್ಟಡದಲ್ಲಿ 2024ರ ಮಾರ್ಚಿನಲ್ಲಿ ತೆರೆದ, ಈ ಹತ್ಯಾಕಾಂಡದ ವಸ್ತುಸಂಗ್ರಹಾಲಯಕ್ಕೆ ಇನ್ನೆರಡು ವರ್ಷ ಕಳೆದ ಮೇಲೆ ಹೋದರಾಯಿತು. ವೇಸ್ಪರ್‌ಸ್ಟ್ರಾಟ್‌ನಲ್ಲಿರುವ ಸ್ಮಾರಕದ ಇಟ್ಟಿಗೆಯ ಗೋಡೆಗಳಿಗೆ ಈಗಲೇ ಕರೆದುಕೊಂಡು ಹೋಗಬಹುದು. ಅಲ್ಲಿ 1,02,000ಕ್ಕೂ ಹೆಚ್ಚು ಇಟ್ಟಿಗೆಗಳಿವೆ, ಒಂದೊಂದರ ಮೇಲೂ ಒಂದೊಂದು ಹೆಸರು, ಹುಟ್ಟಿದ ದಿನ, ಸತ್ತಾಗಿನ ವಯಸ್ಸು. ಅಕಾರಾದಿಯಲ್ಲಿರುವುದರಿಂದ ಮೂಲೆಮನೆಯ ನಾಲ್ವರನ್ನೂ ಹುಡುಕಬಹುದು. ಹೆಸರನ್ನು ಅವಳೇ ಹುಡುಕಲಿ, ಗಟ್ಟಿಯಾಗಿ ಓದಲಿ.

ಬರುವ ಮೇ 4ರ ಸಂಜೆ ಎಂಟಕ್ಕೆ ನೆದರ್ಲೆಂಡ್ಸಿನಲ್ಲಿ ಯುದ್ಧದಲ್ಲಿ ಸತ್ತವರ ನೆನಪಿಗೆ ಇಡೀ ದೇಶ ಎರಡು ನಿಮಿಷ ಮೌನವಾಗಿ ನಿಲ್ಲುತ್ತದೆ. ಅದಕ್ಕೆ ಮೊದಲು ಜನ ತಮ್ಮ ಬೀದಿಯ ಕಲ್ಲುಗಳನ್ನು ಉಜ್ಜಿ ಬೆಳಗುತ್ತಾರೆಂದು ನೀನೇ ಹೇಳಿದ್ದೆ. ನಿಮ್ಮ ಮೂಲೆಮನೆಯ ಕಲ್ಲುಗಳು ಹೋದ ವರ್ಷವೇ ಕಪ್ಪಿಟ್ಟಿದ್ದವು. ಈಗ ಆ ಮನೆಯಲ್ಲಿರುವವರ ಅನುಮತಿ ಕೇಳಿ ಮರಿಯ ಕೈಯಲ್ಲೇ ಉಜ್ಜಿಸು. ಹೋದ ವಾರ ನಿಮ್ಮ ಸ್ನೇಹಿತರ ಕೈಯಲ್ಲಿ ಕಳಿಸಿದ ಗಂಟಿನಲ್ಲಿ ಹಳೆಯ ಹುಣಸೆಹಣ್ಣು ಬೇರೆ ಪೊಟ್ಟಣದಲ್ಲಿದೆ, ಅದು ಸಾರಿಗಲ್ಲ. ಸ್ವಲ್ಪವೇ ನೀರಿನಲ್ಲಿ ನೆನೆಸಿ, ದೇವರ ದೀಪ ಬೆಳಗುವ ಹಾಗೆ ಮೆಲ್ಲಗೆ ತಿಕ್ಕಲಿ, ಉಪ್ಪು ಬೆರೆಸಬೇಡ. ಅಕ್ಷರಗಳ ಗೀರಿನೊಳಗೆ ಹುಳಿ ಉಳಿದರೆ ಮತ್ತೆ ಹಸಿರು ಹಿಡಿಯುತ್ತದೆ. ಆದ್ದರಿಂದ ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ, ಕೊನೆಗೆ ಒಣಬಟ್ಟೆಯಿಂದ ಒತ್ತಿ ಉಜ್ಜಬೇಕು. ಒಂದು ಕಲ್ಲಿಗೆ ಹತ್ತು ನಿಮಿಷವಾದರೂ ಹಿಡಿಯುತ್ತದೆ, ಅವಸರ ಮಾಡಬೇಡಿ. ಉಜ್ಜಿದ ಮೇಲೆ ಅವಳು ಏನು ಕೇಳಿದಳೆಂದು ನನಗೆ ಬರೆ.

ಇತಿ ನಿನ್ನ ಪ್ರೀತಿಯ
ದೊಡ್ಡಮ್ಮ